ನೋವಿನ ಮಾತು

ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ವೈದ್ಯನೂ ಆಗಿದ್ದನೆಂಬುದು ಅವನ ಗ್ರಂಥಗಳನ್ನು ಬಲ್ಲ ಅನೇಕರಿಗೂ ತಿಳಿಯದು. 1677ರ ಡಿಸೆಂಬರಿನಲ್ಲಿ ಅವನು ಪ್ಯಾರಿಸ್ಸಿನಲ್ಲಿದ್ದಾಗ ಇಂಗ್ಲಿಷ್ ರಾಯಭಾರಿಯ ಪತ್ನಿಯ ಚಿಕಿತ್ಸೆಗಾಗಿ ಕರೆ ಬಂದಿತು. ಆಕೆಯ ಮುಖದ ಬಲಭಾಗದಲ್ಲಿ ಬೆಂಕಿ ಮಿಂಚಿದಂಥ ನೋವು. ಮಾತನಾಡಿದರೆ, ಒಸಡನ್ನು ಮುಟ್ಟಿದರೆ ಅದು ಎರಗುತ್ತಿತ್ತು. ಥಟ್ಟನೆ ನಿಂತುಬಿಟ್ಟರೆ ಆಕೆ ಏನೂ ಆಗದವಳಂತೆ ತೋರುತ್ತಿದ್ದಳು. ಲಾಕನಿಗೆ ಕಾರಣ ತಿಳಿಯಲಿಲ್ಲ. ಅವನು ಕೊಟ್ಟದ್ದು ಆ ಕಾಲದ ವಿರೇಚನವನ್ನೇ. ಆದರೆ ಆಕೆ ಹೇಳಿದುದನ್ನೂ ತಾನು ಕಂಡುದನ್ನೂ ಲಂಡನ್ನಿನ ವೈದ್ಯಮಿತ್ರನಿಗೆ ವಿವರವಾಗಿ ಬರೆದು ಕಳುಹಿಸಿದ. ಆ ಪತ್ರಗಳಲ್ಲಿ ಇಂದಿನ ವೈದ್ಯರು ರೋಗವನ್ನು ಗುರುತಿಸುತ್ತಾರೆ: ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಎಂದರೆ, ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ, ಮೂರು ಕವಲುಗಳುಳ್ಳ ಐದನೆಯ ಕಪಾಲನರದ ಶೂಲೆ.

ನಾನು ವೈದ್ಯನಲ್ಲ, ಸಾಹಿತ್ಯದ ಅಧ್ಯಾಪಕನಾಗಿದ್ದವನು. ಈ ರೋಗದ ಚರಿತ್ರೆ ನನ್ನನ್ನು ಸೆಳೆದುದು ಅದು ಮಾತಿನ ಚರಿತ್ರೆಯೂ ಆಗಿರುವುದರಿಂದ. ಇಲ್ಲಿ ಗಾಯವಿಲ್ಲ, ಬಾವಿಲ್ಲ. ಬಹುಕಾಲ ರೋಗಿಯ ಮಾತೇ ಮುಖ್ಯ ಸಾಕ್ಷಿ. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಇದನ್ನು ‘ಟಿಕ್ ದುಲೂರೊ’, ಅಂದರೆ ನೋವಿನ ಸೆಳೆತವೆಂದು ಕರೆದ. 1773ರಲ್ಲಿ ಜಾನ್ ಫಾದರ್‌ಗಿಲ್ ಲಂಡನ್ನಿನ ವೈದ್ಯರ ಮುಂದೆ ಇದರ ಲಕ್ಷಣಗಳನ್ನು ವಿಶದವಾಗಿ ನಿರೂಪಿಸಿದ.

ಹೆಸರು ದೊರೆತರೂ ತಪ್ಪು ನಿಲ್ಲಲಿಲ್ಲ. ಹಲ್ಲುನೋವೆಂದು ಭ್ರಮಿಸಿ ಗಟ್ಟಿ ಹಲ್ಲುಗಳನ್ನೇ ಕಿತ್ತದ್ದುಂಟು. ಕೆಲವು ಶಸ್ತ್ರವೈದ್ಯರು ಮುಖದ ಚಲನೆಗೆ ಕಾರಣವಾದ ಏಳನೆಯ ನರವನ್ನು ಕತ್ತರಿಸಿದರು. ಮುಖ ಜೋತುಬಿದ್ದಿತು, ನೋವು ಮಾತ್ರ ಹೋಗಲಿಲ್ಲ. ಈ ಎರಡು ನರಗಳ ಕೆಲಸ ಬೇರೆ ಬೇರೆಯೆಂಬುದನ್ನು ಚಾರ್ಲ್ಸ್ ಬೆಲ್ 1821ರಲ್ಲಿ ಮುಂದಿಟ್ಟ. 1934ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ, ಅನೇಕ ರೋಗಿಗಳಲ್ಲಿ ನರದ ಬುಡವನ್ನು ರಕ್ತನಾಳವೊಂದು ಒತ್ತುತ್ತಿರುವುದನ್ನು ವರದಿ ಮಾಡಿದ.

ಪರಿಹಾರ ಬಂದದ್ದು ಆಮೇಲೆ. ಅಪಸ್ಮಾರಕ್ಕೂ ಬಳಸುವ ಕಾರ್ಬಮಜೆಪಿನ್ ಎಂಬ ಔಷಧ ಈ ನೋವನ್ನು ತಗ್ಗಿಸುವುದೆಂಬ ವರದಿ 1962ರಲ್ಲಿ ಪ್ರಕಟವಾಯಿತು. ಇಂದಿಗೂ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವ ಔಷಧಗಳಲ್ಲಿ ಅದೊಂದು. ಅದು ಸಾಲದಾದಾಗ, 1960ರ ದಶಕದಲ್ಲಿ ಪೀಟರ್ ಜಾನೆಟ್ಟಾ ಸೂಕ್ಷ್ಮದರ್ಶಕದ ನೆರವಿನಿಂದ ರೂಪಿಸಿದ ಶಸ್ತ್ರಕ್ರಿಯೆಯುಂಟು: ನರವನ್ನು ಕತ್ತರಿಸದೆ, ಒತ್ತುವ ನಾಳವನ್ನು ಸರಿಸಿ ನಡುವೆ ಪುಟ್ಟ ಮೆತ್ತೆಯನ್ನಿಡುವುದು.

ಇಷ್ಟಾದರೂ, ಗಟ್ಟಿ ಹಲ್ಲುಗಳನ್ನು ಕಳೆದುಕೊಂಡ ಮೇಲೆ ನರವೈದ್ಯರನ್ನು ಕಾಣುವವರು ಇಂದಿಗೂ ಇದ್ದಾರೆ. ಆದುದರಿಂದ ಮನೆಯಲ್ಲಿ ಯಾರಾದರೂ ಮುಖ ತೊಳೆಯುವಾಗಲೋ ತುತ್ತು ಅಗಿಯುವಾಗಲೋ ಕೆನ್ನೆಯಲ್ಲಿ ಮಿಂಚು ಹೊಡೆಯಿತೆಂದರೆ ನಾವು ಅದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕಬಾರದು. ಅಲಂಕಾರಗಳನ್ನು ಜೀವಮಾನವೆಲ್ಲ ಪಾಠ ಹೇಳಿದ ನಾನು ಹೇಳುತ್ತೇನೆ: ಇಲ್ಲಿ ಅದು ಅಲಂಕಾರವಲ್ಲ, ರೋಗಲಕ್ಷಣ.