ಬಾವುಟ ಮೊದಲು, ಸ್ವಾತಂತ್ರ್ಯ ಆಮೇಲೆ

ಬಾವುಟದ ಬೆಲೆ ತಿಳಿಯುವುದು ಅದನ್ನು ಹಾರಿಸಕೂಡದು ಎಂದಾಗ. ಕನ್ನಡಿಗರಾದ ನಮಗೆ ಇದು ಹೊಸ ಮಾತಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ, ಮೈಸೂರು ಸರ್ಕಾರದ ನಿಷೇಧವನ್ನು ಮೀರಿ ಕಾಂಗ್ರೆಸ್ ಧ್ವಜ ಏರಿಸಿದ ಟಿ. ಸಿದ್ಧಲಿಂಗಯ್ಯನವರು ಬಂಧಿತರಾದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಪ್ರಾಣ ತೆತ್ತರು.

ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನ ಮಗ್ಗುಲಿನ ಸೌತ್‌ಫೀಲ್ಡ್‌ನಲ್ಲಿ ಲಿಥುವೇನಿಯನ್ನರ ಚರ್ಚೊಂದಿದೆ. ಅವರ ಚರಿತ್ರೆಯಲ್ಲೂ ಇಂಥದೇ ಅಧ್ಯಾಯವಿದೆ. 1940ರಲ್ಲಿ ಸೋವಿಯತ್ ಒಕ್ಕೂಟ ಆ ಪುಟ್ಟ ದೇಶವನ್ನು ನುಂಗಿತು. ಕಮ್ಯುನಿಸ್ಟ್ ಆಡಳಿತದಲ್ಲಿ ಹಳದಿ, ಹಸಿರು, ಕೆಂಪಿನ ಅವರ ತ್ರಿವರ್ಣ ಧ್ವಜ ಹಾರಿಸುವುದು ಅಪರಾಧವಾಯಿತು. ಅಮೆರಿಕ ಮಾತ್ರ ಆ ಆಕ್ರಮಣವನ್ನು ಒಪ್ಪಲೇ ಇಲ್ಲ. ಹಾಗಾಗಿ ವಾಷಿಂಗ್ಟನ್ನಿನಲ್ಲೂ ಷಿಕಾಗೋದಲ್ಲೂ ಲಿಥುವೇನಿಯಾದ ಕಚೇರಿಗಳು ಮುಚ್ಚಲಿಲ್ಲ. ತಾಯ್ನಾಡಿನಲ್ಲಿ ಬಚ್ಚಿಡಬೇಕಾದ ಬಾವುಟವನ್ನು ಇಲ್ಲಿನ ವಲಸಿಗರ ಮಕ್ಕಳು ಕಣ್ಣಾರೆ ಕಂಡು ಬೆಳೆದರು.

1988ರ ಅಕ್ಟೋಬರ್ 7ರಂದು ವಿಲ್ನಿಯಸ್ ನಗರದ ಗೆದಿಮಿನಾಸ್ ಗೋಪುರದ ಮೇಲೆ ಅದು ಮತ್ತೆ ಹಾರಿತು. ಸ್ವಾತಂತ್ರ್ಯದ ಘೋಷಣೆ ಬಂದದ್ದು 1990ರ ಮಾರ್ಚ್ 11ರಂದು. ಶಿವಪುರದ ಧ್ವಜ ಏರಿದ ಮೇಲೂ ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲು 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಆಗಸ್ಟ್ 15ರಂದು ನಾವು ಇಲ್ಲಿ ಯಾರಿಗೂ ಹೆದರದೆ ಬಾವುಟ ಏರಿಸುತ್ತೇವೆ. ಆ ಸಲೀಸಿನ ಹಿಂದೆ ಯಾರ ಯಾರ ಋಣವಿದೆ ಎಂಬುದನ್ನು ಒಂದು ಗಳಿಗೆ ನೆನೆಯೋಣ.