ಔಷಧಿಯಾಗಿ ಬಂದ ಹಣ್ಣು: ವಿಜಯಪುರ ಸೀಮೆಯ ದ್ರಾಕ್ಷಿ

ವಿಜಯಪುರದಿಂದ ಅಥಣಿಯ ದಾರಿ ಹಿಡಿದು, ತೊರವಿಯನ್ನು ದಾಟಿ ತಿಕೋಟಾದ ಕಡೆಗೆ ಸಾಗಿದವರಿಗೆ ದ್ರಾಕ್ಷಿಯ ಚಪ್ಪರಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಬಲೇಶ್ವರದ ಸುತ್ತಲೂ ಅದೇ ನೋಟ. ಇಂದು ನಾವು ದ್ರಾಕ್ಷಿಯನ್ನು ಆದಾಯದ ಬೆಳೆಯೆಂದೇ ಎಣಿಸುತ್ತೇವೆ. ಆದರೆ ಬಳ್ಳಿಯು ನಮ್ಮ ಹೊಲಗಳನ್ನು ವ್ಯಾಪಿಸುವುದಕ್ಕೆ ಬಹುಕಾಲ ಮೊದಲೇ ಈ ಹಣ್ಣು ವೈದ್ಯಗ್ರಂಥಗಳಲ್ಲಿ ಔಷಧಿಯ ಸ್ಥಾನ ಪಡೆದಿತ್ತೆಂಬುದನ್ನು ತಾವು ಗಮನಿಸಬೇಕು.

ದ್ರಾಕ್ಷಿಯು ಭರತಖಂಡಕ್ಕೆ ವಾಯವ್ಯ ದಿಕ್ಕಿನಿಂದ ಪರಿಚಿತವಾದ ಹಣ್ಣು. ಕೌಟಿಲ್ಯನ ಅರ್ಥಶಾಸ್ತ್ರವು ದ್ರಾಕ್ಷಾರಸದ ಮಧುವನ್ನು ಹೇಳುವಾಗ ಕಾಪಿಶದ ಹೆಸರನ್ನು ಎತ್ತುತ್ತದೆ. ಅದು ಇಂದಿನ ಆಫ್ಘಾನಿಸ್ತಾನದ ಪ್ರದೇಶ. ಚರಕಸಂಹಿತೆಯು ಇದನ್ನು ದ್ರಾಕ್ಷಾ, ಮೃದ್ವೀಕಾ ಎಂಬ ಹೆಸರುಗಳಿಂದ ಕರೆದು, ಕೆಮ್ಮನ್ನು ಕಳೆಯುವ, ಜ್ವರವನ್ನು ಇಳಿಸುವ, ಆಯಾಸವನ್ನು ಪರಿಹರಿಸುವ, ಕಂಠಕ್ಕೆ ಹಿತವಾದ ಹಾಗೂ ವಿರೇಚನಕ್ಕೆ ನೆರವಾಗುವ ದ್ರವ್ಯವರ್ಗಗಳಲ್ಲಿ ಸೇರಿಸಿದೆ. ಜ್ವರಹರ ವರ್ಗದಲ್ಲಿ ಅಳಲೆ, ತಾರೆ, ನೆಲ್ಲಿ ಎಂಬ ತ್ರಿಫಲಗಳೊಡನೆ ದ್ರಾಕ್ಷಿಯೂ ಕುಳಿತಿದೆ. ವಾಗ್ಭಟನಂತೂ ಫಲಗಳಲ್ಲೆಲ್ಲ ಇದಕ್ಕೇ ಅಗ್ರಸ್ಥಾನ ಕೊಟ್ಟಿದ್ದಾನೆ. ನಾವು ನೆಲ್ಲಿಯ ಲೇಹವೆಂದು ತಿಳಿದಿರುವ ಚ್ಯವನಪ್ರಾಶದ ದ್ರವ್ಯಗಳಲ್ಲಿಯೂ ದ್ರಾಕ್ಷಿ ಉಂಟು.

ಮಧ್ಯಯುಗದ ಶಾರ್ಙ್ಗಧರ ಸಂಹಿತೆಯಲ್ಲಿ ದ್ರಾಕ್ಷಾರಿಷ್ಟದ ವಿಧಾನವಿದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ಕಾಯಿಸಿ, ಕಾಲು ಭಾಗಕ್ಕೆ ಇಳಿಸಿ, ಸೋಸಿದ ಕಷಾಯಕ್ಕೆ ಬೆಲ್ಲವನ್ನೂ ಏಲಕ್ಕಿ, ದಾಲ್ಚಿನ್ನಿ, ಮೆಣಸು, ಹಿಪ್ಪಲಿ ಮೊದಲಾದವುಗಳನ್ನೂ ಸೇರಿಸಿ ಹುದುಗಿಸುತ್ತಾರೆ. ಹುದುಗನ್ನು ಎಬ್ಬಿಸಲು ಧಾತಕಿಯ ಹೂವನ್ನು ಹಾಕುವ ರೂಢಿ ಅರಿಷ್ಟಗಳ ತಯಾರಿಕೆಯಲ್ಲಿದೆ. ಹೀಗೆ ತಾನಾಗಿ ಹುಟ್ಟುವ ಅಲ್ಪ ಮದ್ಯಾಂಶವೇ ಔಷಧಿಯನ್ನು ಕೆಡದಂತೆ ಕಾಯುತ್ತದೆ. ಕ್ಷಯ, ಕಾಸ, ಶ್ವಾಸ, ಗಂಟಲ ಬೇನೆಗಳಿಗೆ ಇದನ್ನು ವಿಧಿಸಲಾಗಿತ್ತು. ಕ್ಷಯಕ್ಕೆ ಇಂದು ನಿಶ್ಚಿತ ಚಿಕಿತ್ಸೆಯಿದೆ. ಅದನ್ನು ಬಿಟ್ಟು ಅರಿಷ್ಟವನ್ನೇ ನಂಬಿ ಕೂಡುವುದು ವಿವೇಕವಲ್ಲ.

ನಮ್ಮ ವಿಜಯಪುರಕ್ಕೂ ಈ ವೈದ್ಯಪರಂಪರೆಗೂ ಒಂದು ಹಳೆಯ ನಂಟಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯಲ್ಲಿ (1580–1627) ಇಲ್ಲಿ ನೆಲೆಸಿದ ಇತಿಹಾಸಕಾರ ಫಿರಿಸ್ತಾ, ಭಾರತೀಯ ವೈದ್ಯವನ್ನು ಪಾರಸಿ ಬಲ್ಲವರಿಗೆ ತಿಳಿಸಲೆಂದು ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥವನ್ನು ರಚಿಸಿದನು. ಯುನಾನಿ ವೈದ್ಯರೂ ಒಣದ್ರಾಕ್ಷಿಯನ್ನು ಎದೆಯ ಕಫಕ್ಕೂ ಮಲಬದ್ಧತೆಗೂ ಬಳಸುತ್ತಿದ್ದುದರಿಂದ ಎರಡು ಶಾಸ್ತ್ರಗಳು ಈ ಹಣ್ಣಿನಲ್ಲಿ ಒಂದಾದುವೆನ್ನಬಹುದು. ಬೀಜವಿಲ್ಲದ ಒಣದ್ರಾಕ್ಷಿಗೆ ವ್ಯಾಪಾರಿಗಳು ಹೇಳುವ ‘ಬೇದಾಣೆ’ ಎಂಬ ಮಾತೂ ಪಾರಸಿಯದೇ. ಬೀಜರಹಿತ ಎಂದೇ ಅದರ ಅರ್ಥ.

ಈ ಸೀಮೆಯಲ್ಲಿ ದ್ರಾಕ್ಷಿ ವಿಸ್ತಾರವಾಗಿ ಹಬ್ಬಿದುದು ಮಾತ್ರ ಕಳೆದ ಕೆಲವು ದಶಕಗಳ ಮಾತು. ಕಡಿಮೆ ಮಳೆ, ಒಣ ಹವೆ, ಸುಡುವ ಬಿಸಿಲು ಇವು ಜೋಳದ ರೈತನನ್ನು ಕಾಡಿದರೂ ಹಣ್ಣನ್ನು ಒಣಗಿಸಲು ಅನುಕೂಲವಾದುವು. ನೆರೆಯ ಸಾಂಗಲಿ, ತಾಸಗಾಂವದ ಪೇಟೆಗಳು ಸಮೀಪದಲ್ಲಿದ್ದುವು. ಕೊಳವೆಬಾವಿ, ಹನಿ ನೀರಾವರಿ, ಬಳಿಕ ಕೃಷ್ಣೆಯ ಏತ ನೀರಾವರಿ ಬಳ್ಳಿಗೆ ಆಸರೆಯಾದುವು. ಸುಮಾರು 4 ಕಿಲೋ ಹಸಿಹಣ್ಣು ಒಣಗಿ 1 ಕಿಲೋ ಮನೂಕವಾಗುತ್ತದೆ. ಅದಕ್ಕಾಗಿ ಬರಗಾಲದಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಯನ್ನು ಉಳಿಸಿಕೊಂಡ ರೈತರ ಕಷ್ಟ ತಮಗೆ ತಿಳಿಯದ್ದೇನಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಇಂದಿನ ಮನೂಕ ಚರಕನು ಕಂಡ ಮೃದ್ವೀಕೆಯೇ ಹೌದೇ? ಹಣ್ಣು ಬೇಗ ಒಣಗಲೆಂದು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡುಗಳಲ್ಲಿ ಬಲೆಯ ಹಂತಗಳ ಮೇಲೆ ಹರವುತ್ತಾರೆ. ಇದರಿಂದ ಹಣ್ಣಿನ ಮೇಲಿನ ಮೇಣದ ಪದರ ಸಡಿಲಿ ನೀರು ಶೀಘ್ರವಾಗಿ ಆರುತ್ತದೆ. ಪೇಟೆಯಲ್ಲಿ ಹೊಂಬಣ್ಣಕ್ಕೆ ಬೆಲೆ ಹೆಚ್ಚೆಂದು ಗಂಧಕದ ಹೊಗೆಯನ್ನೂ ಕೊಡುವುದುಂಟು. ಗಂಧಕದ ಈ ಅಂಶ ಕೆಲವು ಉಬ್ಬಸ ರೋಗಿಗಳಿಗೆ ಉಸಿರಾಟದ ತೊಂದರೆಯನ್ನು ಕೆರಳಿಸುತ್ತದೆ. ಉಸಿರಿನ ಬೇನೆಗೆಂದು ಶಾಸ್ತ್ರ ಹೇಳಿದ ಹಣ್ಣು, ಬಣ್ಣದ ಮೋಹದಿಂದಾಗಿ ಉಸಿರಿಗೇ ತೊಡಕಾಗುವುದು ವಿಷಾದದ ಸಂಗತಿಯಲ್ಲವೇ? ದೋಷ ಬೆಳೆದವನದಲ್ಲ; ಹೊಳಪನ್ನು ನೋಡಿ ಕೊಳ್ಳುವ ನಮ್ಮ ಕಣ್ಣಿನದು.

ಆದುದರಿಂದ ಮನೆಮದ್ದಿಗೆ ಹೊಗೆ ಕಾಣದ ಕಪ್ಪು ಇಲ್ಲವೆ ಕಂದು ಬಣ್ಣದ ಮನೂಕವೇ ಲೇಸು. ಹತ್ತಿಪ್ಪತ್ತು ಹಣ್ಣುಗಳನ್ನು ಚೆನ್ನಾಗಿ ತೊಳೆದು, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಕಿವುಚಿ ನೀರಿನೊಡನೆ ಸೇವಿಸಿದರೆ ಮಲಬದ್ಧತೆ ತಗ್ಗುತ್ತದೆ. ಅದರ ನಾರು ಮತ್ತು ಟಾರ್ಟಾರಿಕ್ ಆಮ್ಲಗಳೇ ಇದಕ್ಕೆ ಕಾರಣವೆಂದು ಆಧುನಿಕ ವಿಜ್ಞಾನವೂ ಒಪ್ಪುತ್ತದೆ. ಆದರೆ ಮನೂಕದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇರುವುದರಿಂದ ಮಧುಮೇಹಿಗಳು ವೈದ್ಯರನ್ನು ಕೇಳದೆ ಇದನ್ನಾಗಲಿ ಅರಿಷ್ಟವನ್ನಾಗಲಿ ಸೇವಿಸಲಾಗದು.

1910ರಲ್ಲಿ ಸ್ಥಾಪಿತವಾದ ಬಿ.ಎಲ್.ಡಿ.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯ ವಿಜಯಪುರದಲ್ಲಿಯೇ ಇದೆ. ದ್ರಾಕ್ಷಿಯ ತೋಟಗಳು ಅದರಿಂದ ಗಾವುದ ದೂರದಲ್ಲಿಲ್ಲ. ಬೆಳೆಯುವ ಕೈ ಹಾಗೂ ಔಷಧಿಯನ್ನರಿತ ಕೈ ಎರಡೂ ಒಂದೇ ಸೀಮೆಯಲ್ಲಿರುವುದು ಸಣ್ಣ ಭಾಗ್ಯವಲ್ಲ. ಓದುಗ ಬಂಧುಗಳೇ, ಮುಂದಿನ ಸಲ ಪೇಟೆಗೆ ಹೋದಾಗ ಬಣ್ಣವನ್ನು ನೋಡುವುದಕ್ಕೆ ಮೊದಲು, ಇದನ್ನು ಹೇಗೆ ಒಣಗಿಸಿದಿರಿ ಎಂದು ಕೇಳಿರಿ. ಕೊಳ್ಳುವವರು ಕೇಳತೊಡಗಿದರೆ ಒಣಗಿಸುವ ರೀತಿ ತಾನೇ ಬದಲಾದೀತು. ಹೊಗೆ ಕಾಣದ ಹಣ್ಣನ್ನು ಮಾಡುವ ರೈತನಿಗೂ ತಕ್ಕ ಬೆಲೆ ದೊರೆತೀತು.