ಒಂದು ಗೀಟಿನ ಹಿಂದಿನ ಕಥೆ

೨೦೨೦ರ ಬೇಸಗೆಯಲ್ಲಿ ನಗರದ ಕಚೇರಿಗಳಿಗೆ ಬೀಗ ಬಿದ್ದಾಗ ನನ್ನ ತಂಗಿಯ ಮಗಳು ಚನ್ನಗಿರಿ ತಾಲ್ಲೂಕಿನ ನಮ್ಮ ಕತ್ತಲಗೆರೆಗೆ ಬಂದು ಪಡಸಾಲೆಯಲ್ಲಿಯೇ ಕಚೇರಿ ಹೂಡಿದಳು. ಅವಳು ನೋಡಿಕೊಳ್ಳುತ್ತಿದ್ದ ಸರ್ವರುಗಳು ಮುಂಬಯಿಯಲ್ಲಿ ಬಾಡಿಗೆಗೆ ಪಡೆದವು. ಅವುಗಳಲ್ಲಿ ಚಾಲನೆಯಲ್ಲಿರುವವು ಯಾವುವೆಂದು ಒಂದು ರಾತ್ರಿ ಪಟ್ಟಿ ಕೇಳಬೇಕಾಗಿತ್ತು. ನಿಂತುಹೋದವನ್ನು ಬೆಳಗಿನೊಳಗೆ ಅಳಿಸಬೇಕಾಗಿತ್ತು. ಸಹೋದ್ಯೋಗಿಯೊಬ್ಬರು ಕಳುಹಿಸಿದ್ದ ಆದೇಶದ ಸಾಲನ್ನು ಇದ್ದಂತೆಯೇ ಇಳಿಸಿದಳು. ‘ರನ್ನಿಂಗ್ ಎಂಬ ಆಜ್ಞೆ ದೊರೆಯಲಿಲ್ಲ’ ಎಂದು ಯಂತ್ರ ಉತ್ತರಿಸಿತು.

“ನಾನು ಅದನ್ನು ಆಜ್ಞೆಯೆಂದು ಹೇಳಲಿಲ್ಲ ಮಾವ, ಬರಿಯ ಮಾತೆಂದು ಹೇಳಿದೆ” ಎಂದಳು. ಬಹುಕಾಲ ವ್ಯಾಕರಣ ಪಾಠ ಹೇಳಿದ ನನ್ನ ಕಿವಿ ನಿಮಿರಿತು. ತಾನಾಗಿ ಆಡಿದ ಮಾತಾವುದು, ಉದ್ಧರಿಸಿದ ಮಾತಾವುದು ಎಂಬುದು ನಮ್ಮವರಿಗೂ ಹಳೆಯ ತೊಡಕೇ. ತಾಳೆಗರಿಯಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಅವು ಮುದ್ರಣದೊಡನೆ ಬಂದವು. ಅದಕ್ಕೆ ಮುಂಚೆ ಆ ಕೆಲಸವನ್ನೆಲ್ಲ ಸಂಸ್ಕೃತದ ‘ಇತಿ’ಯಂತೆ ನಮ್ಮ ‘ಎಂದು’ ನಿರ್ವಹಿಸುತ್ತಿತ್ತು. ಉದ್ಧೃತ ಮಾತು ಎಲ್ಲಿ ಮುಗಿಯಿತೆಂಬುದನ್ನು ಅದು ಹೇಳುತ್ತದೆ. ಎಲ್ಲಿ ತೊಡಗಿತೆಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು. ಯಂತ್ರಕ್ಕೆ ಅಷ್ಟು ಸೌಜನ್ಯವೆಲ್ಲಿಯದು?

ಅವಳ ಸಾಲಿನಲ್ಲಿ ‘ರನ್ನಿಂಗ್’ ಪದದ ಎರಡು ಕಡೆಯೂ ಓರೆಯಾದ ಒಂದು ಪುಟ್ಟ ಗೀಟಿತ್ತು. ಅದರ ಹೆಸರು ಬ್ಯಾಕ್‌ಟಿಕ್. ೧೯೬೩ರ ಆಸ್ಕಿ ಅಕ್ಷರಪಟ್ಟಿಯಲ್ಲಿ ಅದಿರಲಿಲ್ಲ. ಫ್ರೆಂಚಿನಂಥ ಭಾಷೆಗಳ ಅಕ್ಷರದ ಮೇಲೆ ಕೂರುವ ಸ್ವರಚಿಹ್ನೆಯಾಗಿ ೧೯೬೭ರ ಪಟ್ಟಿಗೆ ಸೇರಿತು. ೧೯೭೯ರಲ್ಲಿ ಬೆಲ್ ಪ್ರಯೋಗಾಲಯದ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನ್ ರಚಿಸಿದ ಶೆಲ್ ಹೊರಬಂದಿತು. ಶೆಲ್ ಎಂದರೆ ನಾವು ಬರೆದ ಆದೇಶವನ್ನು ಮೊದಲು ಓದುವ ದ್ವಾರಪಾಲಕ. ಗೀಟುಗಳ ನಡುವಿನದನ್ನು ಆಜ್ಞೆಯಾಗಿ ನಡೆಸಿ ಅದರ ಫಲವನ್ನು ಅಲ್ಲಿಯೇ ಇಡುವುದು ಅವನ ಪದ್ಧತಿ. ಮೂರು ದಶಕಗಳಾದ ಮೇಲೆ, ಅಮೆಜಾನಿನ ಆದೇಶ ಸಾಧನವು ಬಳಸುವ ಜೇಮ್ಸ್‌ಪಾತ್ ಎಂಬ ಪ್ರಶ್ನಾಭಾಷೆ ಅದೇ ಗೀಟನ್ನು ಬೇರೊಂದು ಕೆಲಸಕ್ಕೆ, ಬರಿಯ ಮಾತಿಗೆ ಬೇಲಿಯಾಗಿ, ತೆಗೆದುಕೊಂಡಿತು. ಬಾಗಿಲಿನವನು ಬೇಲಿಯನ್ನೇ ಆಜ್ಞೆಯೆಂದು ತಿಳಿದ.

ಸಹೋದ್ಯೋಗಿಯ ತಪ್ಪೇನೂ ಇರಲಿಲ್ಲ. ಅವರದು ವಿಂಡೋಸಿನ ಹಳೆಯ ಆದೇಶ ಕಿಟಕಿ. ಅಲ್ಲಿ ಈ ಗೀಟಿಗೆ ವಿಶೇಷಾರ್ಥವಿಲ್ಲ, ಇಡೀ ಪ್ರಶ್ನೆಯನ್ನು ಜೋಡಿ ಉದ್ಧರಣದಲ್ಲಿಟ್ಟರೆ ಸಾಕು. ಇವಳ ಲಿನಕ್ಸಿನಲ್ಲಿ ಜೋಡಿ ಉದ್ಧರಣದೊಳಗೂ ಗೀಟು ಎಚ್ಚರವಾಗಿರುತ್ತದೆ. ಒಂಟಿ ಉದ್ಧರಣದೊಳಗೆ ಮಾತ್ರ ಮಲಗುತ್ತದೆ. ಹೊರಗಿನ ಜೋಡಿಯನ್ನು ತೆಗೆದು ಒಂಟಿ ಚಿಹ್ನೆ ಹಾಕಿದ್ದೇ ಚಿಕಿತ್ಸೆ.

ಆದರೂ ಅವಳು ಕೂಡಲೇ ಒತ್ತಲಿಲ್ಲ. ‘ರನ್ನಿಂಗ್’ ಪದದ ಮೊದಲಕ್ಷರವನ್ನು ಅಕಸ್ಮಾತ್ ದೊಡ್ಡದಾಗಿಸಿದ್ದರೆ ಯಾವ ದೂರೂ ಬರುವುದಿಲ್ಲವೆಂದೂ, ಬರಿಯ ಖಾಲಿ ಪಟ್ಟಿ ಬರುವುದೆಂದೂ, ಅದನ್ನು ನಂಬಿದರೆ ಎಲ್ಲವೂ ನಿಂತುಹೋದವೆಂದೇ ಅರ್ಥವಾಗುವುದೆಂದೂ ನನಗೆ ವಿವರಿಸಿ, ಅಕ್ಷರಗಳನ್ನು ಮತ್ತೊಮ್ಮೆ ಬೆರಳಿಟ್ಟು ಓದಿದಳು. ಹನ್ನೊಂದು ಹೆಸರುಗಳು ಬಂದವು. ಬೆಳಿಗ್ಗೆ ಅಳಿಸಬೇಕೆಂದು ಕಚೇರಿಯವರು ಮೊದಲೇ ಗುರುತು ಮಾಡಿದ್ದವುಗಳಲ್ಲಿ ಎರಡು ಆ ಹನ್ನೊಂದರಲ್ಲಿದ್ದವು.